ನಕ್ಷೆ ಹಿಗ್ಗಿದರೂ ಹಿಗ್ಗದ ಗೆರೆ

ಹೊಸಪೇಟೆಯ ನೀರಾವರಿ ಕಚೇರಿಗಳಲ್ಲಿ ಒಂದು ಕಾಲಕ್ಕೆ ಟ್ರೇಸರ್ ಎಂಬ ಹುದ್ದೆ ಇತ್ತು. ಎಂಜಿನಿಯರು ಪೆನ್ಸಿಲಿನಲ್ಲಿ ಬರೆದ ನಕ್ಷೆಯ ಮೇಲೆ ಟ್ರೇಸಿಂಗ್ ಹಾಳೆ ಹಾಸಿ, ಇಂಕಿನಲ್ಲಿ ಗೆರೆಗೆ ಗೆರೆ ಇಳಿಸುವುದು ಆ ಹುದ್ದೆಯವರ ಕೆಲಸ. ನನ್ನ ಸೋದರಮಾವ ಆ ಕೆಲಸದಲ್ಲಿದ್ದರು. 1980ರ ದಶಕದಲ್ಲಿ ಶಾಲೆಗೆ ರಜೆ ಬಂತೆಂದರೆ ನಾನು ಅವರ ಡ್ರಾಯಿಂಗ್ ಬೋರ್ಡಿನ ಪಕ್ಕ ಕೂತಿರುತ್ತಿದ್ದೆ. ಮುಂದೆ ಕಂಪ್ಯೂಟರ್ ಕಲಿತು, ವೆಬ್ ಪುಟಗಳ ಮೇಲೆ ನಕ್ಷೆ ಮೂಡಿಸುವುದೇ ನನ್ನ ಹೊಟ್ಟೆಪಾಡಾಯಿತು. ಹಂಪಿಯ ಗುಡಿ, ಕಂಪ್ಲಿಯ ಕಾಲುವೆ, ಸಂಡೂರಿನ ಕಸೂತಿ, ಎಲ್ಲವನ್ನೂ ಪರದೆಗೆ ತಂದಿದ್ದೇನೆ. ಆ ಎಲ್ಲ ಕೆಲಸಗಳಲ್ಲೂ ಎದುರಾದ ಪ್ರಶ್ನೆ ಒಂದೇ: ಚಿತ್ರವನ್ನು ದೊಡ್ಡದು ಮಾಡಿದಾಗ ಗೆರೆಯೂ ದಪ್ಪವಾಗಬೇಕೆ? ಈ ಪ್ರಶ್ನೆಗೆ ಮಾವನ ಬೋರ್ಡಿನ ಮೇಲೆ ಆಗಲೇ ಉತ್ತರವಿತ್ತು.

ಅವರ ಪೆನ್ನಿನ ಡಬ್ಬಿ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ರೋಟ್ರಿಂಗ್ ಪೆನ್ನುಗಳು. ಒಂದೊಂದು ಪೆನ್ನಿಗೂ ಒಂದೊಂದು ಬಣ್ಣದ ಪಟ್ಟಿ: 0.18 ಮಿಲಿಮೀಟರಿನದಕ್ಕೆ ಕೆಂಪು, 0.25ಕ್ಕೆ ಬಿಳಿ, 0.35ಕ್ಕೆ ಹಳದಿ, 0.5ಕ್ಕೆ ಕಂದು, 0.7ಕ್ಕೆ ನೀಲಿ, 1.0ಕ್ಕೆ ಕಿತ್ತಳೆ. ಮೂತಿಯಲ್ಲಿ ಕೂದಲೆಳೆಯಷ್ಟು ಸಣ್ಣ ತಂತಿ. ಇಂಕು ಕಟ್ಟಿಕೊಂಡರೆ ಪೆನ್ನನ್ನು ಅಡ್ಡ ಹಿಡಿದು ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದರು. ಒಳಗಿನ ತಂತಿ ಟಿಕ್ ಟಿಕ್ ಎಂದರೆ ಪೆನ್ನು ಬದುಕಿದೆ ಎಂದರ್ಥ. ಗೆರೆ ತಪ್ಪಿದ ಕಡೆ ಅರ್ಧ ಮುರಿದ ಬ್ಲೇಡಿನಿಂದ ಇಂಕನ್ನು ನಯವಾಗಿ ಕೆರೆದು, ಆ ಜಾಗವನ್ನು ಉಗುರಿನಿಂದ ಉಜ್ಜಿ ಹದ ಮಾಡಿ, ಮತ್ತೆ ಎಳೆಯುತ್ತಿದ್ದರು.

ಆ ಅಂಕಿಗಳ ಗುಟ್ಟನ್ನು ಅವರೇ ಬಿಡಿಸಿ ಹೇಳಿದರು. 0.25, 0.35, 0.5, 0.7, 1.0. ಪ್ರತಿ ಪೆನ್ನೂ ಹಿಂದಿನದಕ್ಕಿಂತ ಸುಮಾರು 1.4 ಪಟ್ಟು ದಪ್ಪ. ಗಣಿತದಲ್ಲಿ ಹೇಳುವುದಾದರೆ ಎರಡರ ವರ್ಗಮೂಲದಷ್ಟು. ಹಾಳೆಗಳ ಅಳತೆಯೂ ಅದೇ ಲೆಕ್ಕದ್ದು. ಎ1 ಹಾಳೆಯನ್ನು ಮಧ್ಯಕ್ಕೆ ಮಡಿಸಿದರೆ ಎ2, ಅದನ್ನು ಮಡಿಸಿದರೆ ಎ3. ಉದ್ದ ಅಗಲಗಳ ಪ್ರಮಾಣ ಮಾತ್ರ ಎಲ್ಲದರಲ್ಲೂ ಒಂದೇ. ಜರ್ಮನಿಯಲ್ಲಿ 1922ರಲ್ಲಿ ಗೊತ್ತುಮಾಡಿದ ಈ ಅಳತೆಯೇ ಮುಂದೆ ಜಗತ್ತಿನದಾಯಿತು. ಎ1ರಲ್ಲಿ ಬರೆದ ನಕ್ಷೆಯನ್ನು ಎ2ಕ್ಕೆ ಇಳಿಸಿದರೆ 0.7ರ ಗೆರೆ 0.5 ಆಗುತ್ತದೆ, 0.5ರದ್ದು 0.35 ಆಗುತ್ತದೆ. ಇಳಿಸಿದ ಪ್ರತಿಯ ಮೇಲೆ ಏನಾದರೂ ಸೇರಿಸಬೇಕೆಂದರೆ ಡಬ್ಬಿಯಲ್ಲಿ ಪಕ್ಕದ ಪೆನ್ನು ತೆಗೆದುಕೊಂಡರೆ ಸಾಕು. ಹೊಸ ಗೆರೆಯೂ ಹಳೆಯ ಗೆರೆಯೂ ಒಂದೇ ದಪ್ಪ. ಅಕ್ಷರದ ಎತ್ತರಕ್ಕೂ ಅದೇ ಮೆಟ್ಟಿಲು: 2.5, 3.5, 5, 7 ಮಿಲಿಮೀಟರ್.

ಚಿತ್ರ ಹಿಗ್ಗುವುದು, ಕುಗ್ಗುವುದು ತಪ್ಪಿದ್ದಲ್ಲ. ಆಗ ಗೆರೆಯ ದಪ್ಪ ಕೈಮೀರಿ ಹೋಗದಂತೆ ಮೊದಲೇ ಯೋಚಿಸಿಟ್ಟ ವ್ಯವಸ್ಥೆ ಅದು. ಅದರ ಜೊತೆಗೆ ಮಾವನದ್ದೇ ಒಂದು ಮಾತಿತ್ತು. ಹಳೆಯ ನಕ್ಷೆಯೊಂದನ್ನು ಹೊಸ ಅಳತೆಗೆ ಏರಿಸಿ ಬರೆಯುವಾಗ ಮೊದಲು ಪೆನ್ಸಿಲಿನಲ್ಲಿ ಚುಕ್ಕಿಗಳನ್ನೆಲ್ಲ ಹೊಸ ಜಾಗಕ್ಕೆ ಕೂರಿಸುತ್ತಿದ್ದರು. ಪೆನ್ನಿನ ಡಬ್ಬಿ ಅಲ್ಲಿಯವರೆಗೂ ಮುಚ್ಚಿಯೇ ಇರುತ್ತಿತ್ತು. "ಎಷ್ಟರ ದೊಡ್ಡದು ಮಾಡು ಅಳಿಯಾ, ಪೆನ್ನು ಮಾತ್ರ ಕೊನೀಗೆ ತಗೀಬೇಕು" ಎನ್ನುತ್ತಿದ್ದರು. ಪರದೆಯ ಮೇಲೆ ಗೆರೆ ಎಳೆಯುವ ವಿಷಯದಲ್ಲಿ ಇದಕ್ಕಿಂತ ಖಚಿತವಾದ ಸೂತ್ರವನ್ನು ನಾನು ಇದುವರೆಗೆ ಕಂಡಿಲ್ಲ.

ಅದೇ ದಶಕದಲ್ಲಿ ಹಂಪಿಯಲ್ಲಿ ಇನ್ನೊಂದು ಬಗೆಯ ನಕ್ಷೆಯ ಕೆಲಸ ನಡೆದಿತ್ತು. ಜಾನ್ ಫ್ರಿಟ್ಜ್ ಎಂಬ ಪುರಾತತ್ವಜ್ಞರೂ ಜಾರ್ಜ್ ಮಿಷೆಲ್ ಎಂಬ ವಾಸ್ತು ಇತಿಹಾಸಕಾರರೂ 1980ರಿಂದ ವರ್ಷವರ್ಷವೂ ಬಂದು ಬಿಡಾರ ಹೂಡಿ, ರಾಜ್ಯದ ಪುರಾತತ್ವ ಇಲಾಖೆಯ ಜೊತೆಗೂಡಿ ವಿಜಯನಗರದ ಅವಶೇಷಗಳನ್ನು ಅಳೆದು ಬರೆಸಿದರು. ಇಲಾಖೆಯ ನಿರ್ದೇಶಕರಾಗಿದ್ದ ಎಂ.ಎಸ್. ನಾಗರಾಜರಾವ್ ಅವರೊಡನೆ ಸೇರಿ ಅವರು ಬರೆದ ರಾಜಧಾನಿಯ ನಡುಭಾಗದ ಪುಸ್ತಕ 1984ರಲ್ಲಿ ಹೊರಬಂತು. ನಮ್ಮವರೂ ಹೊರದೇಶದವರೂ ಆದ ಆರ್ಕಿಟೆಕ್ಚರ್ ವಿದ್ಯಾರ್ಥಿಗಳು ಬಿಸಿಲಲ್ಲಿ ಟೇಪು ಹಿಡಿದು ಕಂಬ ಕಂಬ ಅಳೆಯುತ್ತಿದ್ದರು. ಕರ್ನಲ್ ಕಾಲಿನ್ ಮೆಕೆಂಜಿ 1800ರ ಹೊತ್ತಿಗೆ ಮಾಡಿಸಿದ ಮೊದಲ ಸರ್ವೆ ನಕ್ಷೆಯಿಂದ ಇವರ ನಕ್ಷೆಗಳವರೆಗೆ ಸುಮಾರು ಎರಡು ಶತಮಾನ. ಅಷ್ಟರಲ್ಲಿ ಗೆರೆಯ ಶಿಸ್ತು ಬಹಳ ದೂರ ನಡೆದುಬಂದಿತ್ತು.

ಅಳೆದು ಬರೆದ ಗುಡಿಯ ನಕ್ಷೆಯನ್ನು ಓದಲು ಗೆರೆಯ ದಪ್ಪವೇ ದಾರಿ. ಸೊಂಟದೆತ್ತರದಲ್ಲಿ ಗುಡಿಯನ್ನು ಅಡ್ಡಕ್ಕೆ ಕೊಯ್ದಂತೆ ಭಾವಿಸಿಕೊಂಡು ನೆಲನಕ್ಷೆ ಬರೆಯುತ್ತಾರೆ. ಕೊಯ್ತಕ್ಕೆ ಸಿಕ್ಕ ಗೋಡೆ, ಕಂಬಗಳ ಅಂಚು ದಪ್ಪ ಗೆರೆ. ಅದರ ಕೆಳಗೆ ಕಾಣುವ ಮೆಟ್ಟಿಲು, ಜಗತಿಗಳ ಅಂಚು ಸಣ್ಣ ಗೆರೆ. ತಲೆಯ ಮೇಲಿರುವ ತೊಲೆ, ಸೂರು ತುಂಡು ತುಂಡು ಗೆರೆ. ಯಾವುದು ನಿಂತಿದೆ, ಯಾವುದು ಮಲಗಿದೆ, ಯಾವುದು ಮೇಲಿದೆ ಎಂಬುದನ್ನು ಒಂದು ಅಕ್ಷರವೂ ಇಲ್ಲದೆ ಗೆರೆಗಳೇ ಹೇಳುತ್ತವೆ. ಈ ಮೂರರ ನಡುವಿನ ಅಂತರ ಕೆಟ್ಟರೆ ನಕ್ಷೆ ಮೂಕವಾಗುತ್ತದೆ.

ಇಂಥ ಒಂದು ನೆಲನಕ್ಷೆಯನ್ನು ಫೋನಿನಲ್ಲಿ ಬೆರಳಿನಿಂದ ಹಿಗ್ಗಿಸಿ ನೋಡುವಂತೆ ಮಾಡಬೇಕಾಗಿ ಬಂದಾಗ ನಾನು ಆರಿಸಿಕೊಂಡದ್ದು ವಿಠ್ಠಲ ದೇವಾಲಯವನ್ನು. ಪ್ರಾಕಾರದ ಉದ್ದ ಸುಮಾರು 500 ಅಡಿ, ಅಗಲ 300 ಅಡಿಗೆ ಮೇಲೆ. ಅದರೊಳಗೆ ಮಂಟಪಗಳು, ಕಲ್ಲಿನ ರಥ, 56 ಕಂಬಗಳ ರಂಗಮಂಟಪ. ಆ ಕಂಬಗಳೇ ನಕ್ಷೆಕಾರನಿಗೆ ಸವಾಲು. ಒಂದೇ ಬಂಡೆಯಲ್ಲಿ ನಡುವೆ ದಪ್ಪ ಕಂಬ, ಅದರ ಮಗ್ಗುಲಿಗೆ ಬಿಡಿಸಿ ಕಡೆದ ಸಣ್ಣ ಸಣ್ಣ ಕಂಬಗಳು. ನೆಲನಕ್ಷೆಯಲ್ಲಿ ಅವು ದೊಡ್ಡ ಆಕಾರವನ್ನು ಸುತ್ತುವರಿದ ಪುಟ್ಟ ಪುಟ್ಟ ಗುಂಡು ಗುರುತುಗಳಾಗಿ ಬರುತ್ತವೆ. ಆ ಗುಂಡುಗಳ ನಡುವಿನ ಖಾಲಿ ಜಾಗ ಕಂಡರೆ ಮಾತ್ರ ಅದು ವಿಠ್ಠಲನ ಗುಡಿಯ ಕಂಬ; ಕಾಣದಿದ್ದರೆ ಯಾವ ಊರಿನ ಯಾವ ಕಂಬವಾದರೂ ಆಗಬಹುದು.

ವೆಬ್ ಪುಟದಲ್ಲಿ ಚಿತ್ರ ಬರೆಯಲು ಇರುವ ಕ್ಯಾನ್ವಾಸ್ ಎಂಬ ಹಲಗೆಯನ್ನು ಆ್ಯಪಲ್ ಕಂಪನಿ 2004ರಲ್ಲಿ ತಂದಿತು. ಆಮೇಲೆ ಎಲ್ಲ ಬ್ರೌಸರುಗಳೂ ಅದನ್ನು ಒಪ್ಪಿಕೊಂಡವು. ಅದರಲ್ಲಿ ಸ್ಕೇಲ್ ಎಂಬ ಆಜ್ಞೆ ಕೊಟ್ಟರೆ ಮುಂದೆ ಬರೆಯುವುದೆಲ್ಲ ಅಷ್ಟು ಪಟ್ಟು ದೊಡ್ಡದಾಗುತ್ತದೆ. ಎಲ್ಲವೂ ಎಂದರೆ ಪೆನ್ನೂ ಸೇರಿ. ಗೆರೆಯ ದಪ್ಪವನ್ನು ಲೈನ್‌ವಿಡ್ತ್ ಎಂಬ ಅಂಕಿ ಹೇಳುತ್ತದೆ. ನಾವೇನೂ ಹೇಳದಿದ್ದರೆ ಅದು 1. ನನ್ನ ನಕ್ಷೆಯ ಅಂಕಿಗಳೆಲ್ಲ ಮೀಟರಿನಲ್ಲಿದ್ದವು. ಹಾಗಿದ್ದಾಗ ಲೈನ್‌ವಿಡ್ತ್ 1 ಎಂದರೆ ಕ್ಯಾನ್ವಾಸ್ ತಿಳಿಯುವುದು ಒಂದು ಮೀಟರ್ ಎಂದು. ಹಂಪಿಯ ನೆಲದ ಮೇಲೆ ಒಂದು ಮೀಟರ್ ಅಗಲದ ಕರೀ ಪಟ್ಟಿ ಬಳಿದಂತೆ. ಕೈಹಿಡಿತದಷ್ಟಿರುವ ಮಗ್ಗುಲ ಕಂಬಗಳು ಆ ಪಟ್ಟಿಯ ಅಡಿಯಲ್ಲಿ ಮುಳುಗಿಹೋಗುತ್ತವೆ. ಬೆರಳಿನಿಂದ ಹಿಗ್ಗಿಸಿದಷ್ಟೂ ಪಟ್ಟಿಯೂ ಹಿಗ್ಗುತ್ತದೆ. ಹತ್ತಿರ ಹೋದಷ್ಟೂ ವಿವರ ಹೆಚ್ಚುವ ಬದಲು ಕಪ್ಪು ಹೆಚ್ಚುತ್ತದೆ.

ಇದಕ್ಕೆ ಎಲ್ಲರೂ ಮೊದಲು ಹಿಡಿಯುವ ದಾರಿ ಭಾಗಾಕಾರ. ಚಿತ್ರವನ್ನು ಎಂಟು ಪಟ್ಟು ಹಿಗ್ಗಿಸಿದ್ದರೆ ದಪ್ಪವನ್ನು ಎಂಟರಿಂದ ಭಾಗಿಸುವುದು. ಪರದೆಯ ಮೇಲೆ ಒಂದೂವರೆ ಪಿಕ್ಸೆಲ್ ಬೇಕೆಂದರೆ ಲೈನ್‌ವಿಡ್ತ್‌ಗೆ ಒಂದೂವರೆಯನ್ನು ಎಂಟರಿಂದ ಭಾಗಿಸಿ ಕೊಟ್ಟರಾಯಿತು. ಉದ್ದ ಅಗಲ ಎರಡೂ ಒಂದೇ ಪ್ರಮಾಣದಲ್ಲಿ ಹಿಗ್ಗುವಾಗ ಇದು ಸರಿಯಾಗಿಯೇ ಕೆಲಸ ಮಾಡುತ್ತದೆ. ಗುಡಿಯ ನಕ್ಷೆಗೆ ಇಷ್ಟು ಸಾಕಾಯಿತು. ಕೊಯ್ತದ ಗೆರೆಗೆ ಎರಡು ಪಿಕ್ಸೆಲ್, ಮೆಟ್ಟಿಲಿನ ಗೆರೆಗೆ ಒಂದು. ಎಷ್ಟು ಹಿಗ್ಗಿಸಿದರೂ ಆ ಎರಡರ ಅಂತರ ಹಾಗೇ ಉಳಿಯಿತು. ಕಂಬಗಳ ಹತ್ತಿರ ಹೋದಂತೆ ಪುಟ್ಟ ಗುಂಡುಗಳು ಒಂದೊಂದಾಗಿ ಬಿಡಿಸಿಕೊಂಡವು. ಬಿಡಿಸಿಕೊಳ್ಳುವ ಆ ಕ್ಷಣವನ್ನು ನೋಡಿ ಎಷ್ಟೋ ಹೊತ್ತು ಸುಮ್ಮನೆ ಹಿಗ್ಗಿಸುತ್ತ ಕುಗ್ಗಿಸುತ್ತ ಕೂತಿದ್ದೆ.

ಇಲ್ಲಿಯೇ ಒಂದು ಸೂಕ್ಷ್ಮವನ್ನು ಹೇಳಬೇಕು. ಕ್ಯಾನ್ವಾಸ್‌ನ ಅಂಕಿಗಳು ಪಿಕ್ಸೆಲ್ ಚೌಕಗಳ ಅಂಚನ್ನು ಹೇಳುತ್ತವೆ. ಒಂದು ಪಿಕ್ಸೆಲ್ ದಪ್ಪದ ನೆಟ್ಟನೆಯ ಗೆರೆಯನ್ನು ಸರಿಯಾಗಿ 10ನೇ ಅಂಚಿನ ಮೇಲೆ ಎಳೆದರೆ ಅದರ ಅರ್ಧ ಎಡ ಚೌಕಕ್ಕೆ, ಅರ್ಧ ಬಲ ಚೌಕಕ್ಕೆ ಬೀಳುತ್ತದೆ. ಎರಡೂ ಚೌಕ ಅರೆಗಪ್ಪಾಗಿ, ಗೆರೆ ಎರಡು ಪಿಕ್ಸೆಲ್ ಅಗಲದ ಮಸುಕು ಪಟ್ಟಿಯಂತೆ ಕಾಣುತ್ತದೆ. ಅರ್ಧ ಪಿಕ್ಸೆಲ್ ಸರಿಸಿ 10.5ರಲ್ಲಿ ಎಳೆದರೆ ಒಂದೇ ಚೌಕ ತುಂಬಿ ಗೆರೆ ಚೊಕ್ಕವಾಗುತ್ತದೆ. ಈಗಿನ ಫೋನುಗಳಲ್ಲಿ ಪುಟದ ಒಂದು ಪಿಕ್ಸೆಲ್ಲಿಗೆ ಪರದೆಯ ಎರಡು ಮೂರು ಪಿಕ್ಸೆಲ್ ಇರುವುದರಿಂದ ಆ ಪ್ರಮಾಣವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಇಲ್ಲವಾದರೆ ಕಚೇರಿಯ ಮಾನಿಟರಿನಲ್ಲಿ ಗಟ್ಟಿಯಾಗಿ ಕಂಡ ಗೆರೆ ಫೋನಿನಲ್ಲಿ ಸೊರಗುತ್ತದೆ, ಇಲ್ಲವೇ ಮಂಕಾಗುತ್ತದೆ.

ಕಂಪ್ಲಿಯ ಕೆಲಸ ಇದಕ್ಕಿಂತ ಹೆಚ್ಚು ಕಲಿಸಿತು. ವಿಜಯನಗರದ ಅರಸರ ಕಾಲದಲ್ಲಿ ತುಂಗಭದ್ರೆಗೆ ಅಡ್ಡಲಾಗಿ ಕಟ್ಟಿದ ಅಣೆಗಳಿಂದ ಹೊರಟ ಕಾಲುವೆಗಳು ಇಂದಿಗೂ ನಮ್ಮ ಭಾಗದ ಗದ್ದೆಗಳಿಗೆ ನೀರುಣಿಸುತ್ತಿವೆ. ಹೊಸಪೇಟೆಯಲ್ಲಿ ರಾಯ ಕಾಲುವೆ, ಬಸವಣ್ಣ ಕಾಲುವೆ. ಹಂಪಿಯ ನಡುವೆ ಹಾಯುವ ತುರ್ತಾ ಕಾಲುವೆ. ಆಚೆಗೆ ರಾಮಸಾಗರ, ಕಂಪ್ಲಿ ಕಾಲುವೆಗಳು. ಕಂಪ್ಲಿ ಕಡೆಯ ಕೆಲವು ರೈತರು ತಮ್ಮ ಭಾಗದ ಕಾಲುವೆ, ತೂಬು, ಹೊಲದ ಗಡಿ ಇವನ್ನೆಲ್ಲ ಒಂದೇ ನಕ್ಷೆಯಲ್ಲಿ ಫೋನಿನಲ್ಲಿ ನೋಡುವಂತೆ ಮಾಡಿಕೊಡಿ ಎಂದು ಕೇಳಿದರು. ಈಗ ಸರ್ಕಾರದ ದಿಶಾಂಕ್ ಆ್ಯಪಿನಲ್ಲಿ ನಿಂತ ಜಾಗದ ಸರ್ವೆ ನಂಬರು ಕಾಣುತ್ತದೆ. ಆದರೆ ಅವರಿಗೆ ಬೇಕಿದ್ದುದು ನೀರಿನ ಹಾದಿ; ಯಾವ ತೂಬಿನ ನೀರು ಯಾವ ಹೊಲದ ಬದುವಿಗೆ ತಾಗಿ ಹೋಗುತ್ತದೆ ಎಂಬುದು.

ಆಧಾರಕ್ಕೆ ಇದ್ದುದು ಹಳೆಯ ಗ್ರಾಮನಕ್ಷೆ. ಬಳ್ಳಾರಿ ಜಿಲ್ಲೆ 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೂ ಮದ್ರಾಸಿನ ಆಡಳಿತದಲ್ಲಿತ್ತು. ಮದ್ರಾಸಿನ ಸರ್ವೆಯವರು ಗ್ರಾಮನಕ್ಷೆಗಳನ್ನು ಒಂದು ಮೈಲಿಗೆ ಹದಿನಾರು ಇಂಚಿನ ಅಳತೆಯಲ್ಲಿ ಬರೆಯುತ್ತಿದ್ದರು. ಅಂದರೆ ಹಾಳೆಯ ಮೇಲಿನ ಒಂದು ಅಳತೆ ನೆಲದ ಮೇಲೆ ಅದರ 3960 ಪಟ್ಟು. ಈ ಅಂಕಿಯನ್ನು ಗೆರೆಯ ದಪ್ಪಕ್ಕೆ ಅನ್ವಯಿಸಿ ನೋಡಿ. ಅರ್ಧ ಮಿಲಿಮೀಟರ್ ದಪ್ಪದ ಗಡಿಗೆರೆಯನ್ನು ಅದರಂತೆಯೇ ನೆಲಕ್ಕೆ ಇಳಿಸಿದರೆ ಅದು ಸುಮಾರು ಎರಡು ಮೀಟರ್ ಅಗಲದ ಪಟ್ಟಿ, ಅಂದರೆ ಆರೂವರೆ ಅಡಿ. ಬದು 330 ಅಡಿ ಉದ್ದವಿದ್ದರೆ ಆ ಪಟ್ಟಿಯ ವಿಸ್ತೀರ್ಣ 2145 ಚದರಡಿ. ಒಂದು ಗುಂಟೆ ಎಂದರೆ 33 ಅಡಿಗೆ 33 ಅಡಿ, 1089 ಚದರಡಿ. ಪೆನ್ನಿನ ದಪ್ಪವೊಂದೇ ಸುಮಾರು ಎರಡು ಗುಂಟೆ ನೆಲವನ್ನು ನುಂಗಿದಂತಾಯಿತು. ಕಾಗದದ ಮೇಲೆ ಇದರಿಂದ ಯಾರಿಗೂ ತೊಂದರೆಯಾಗಲಿಲ್ಲ, ಏಕೆಂದರೆ ಗೆರೆ ಗುರುತು ಮಾತ್ರ ಎಂಬುದು ಓದುವವರಿಗೆ ಗೊತ್ತಿತ್ತು. ಹೊಲದ ನಿಜವಾದ ಅಳತೆ ಸರ್ವೆ ಪುಸ್ತಕದ ಅಂಕಿಗಳಲ್ಲಿತ್ತು.

ಪರದೆಯ ಮೇಲೆ ಮಾತ್ರ ಆ ಗುರುತು ನೆಲವಾಗಿಬಿಡುತ್ತದೆ. ರೈತರಿಗೆ ತೋರಿಸಲೆಂದೇ ನಾನು ಎರಡು ಬಗೆಯ ನಕ್ಷೆಗಳನ್ನು ಅಕ್ಕಪಕ್ಕ ಇಟ್ಟಿದ್ದೆ; ಒಂದರಲ್ಲಿ ಗಡಿಗೆರೆ ಹೊಲದ ಜೊತೆ ಹಿಗ್ಗುತ್ತಿತ್ತು, ಇನ್ನೊಂದರಲ್ಲಿ ಹಿಗ್ಗುತ್ತಿರಲಿಲ್ಲ. ಮೊದಲನೆಯದನ್ನು ತಮ್ಮ ಹೊಲದವರೆಗೆ ಹಿಗ್ಗಿಸಿದ ಹಿರಿಯರೊಬ್ಬರು ಬೆರಳು ಎತ್ತಲೇ ಇಲ್ಲ. ಕಪ್ಪು ಪಟ್ಟಿಯನ್ನು ಹಾಗೇ ಒತ್ತಿ ಹಿಡಿದು, "ಈ ಕರೇ ಜಾಗ ಯಾರ್ದು ತಮ್ಮಾ? ನಂದೋ, ಆಚಿಗಿನವರ್ದೋ?" ಎಂದರು. ಯಾರದೂ ಅಲ್ಲದ ನೆಲವನ್ನು ನಕ್ಷೆ ಹುಟ್ಟುಹಾಕಿತ್ತು. ಎರಡನೆಯ ನಕ್ಷೆಯಲ್ಲಿ ಎಷ್ಟು ಹಿಗ್ಗಿಸಿದರೂ ಗಡಿ ಗಡಿಯಾಗಿಯೇ ಇತ್ತು. ಗಡಿಗೆ ಉದ್ದವಿದೆ, ಅಗಲವಿಲ್ಲ. ಅದನ್ನು ಕಣ್ಣಿಗೆ ಕಾಣಿಸಲು ಕೊಡುವ ದಪ್ಪ ಓದುವವರ ಕಣ್ಣಿಗಾಗಿ ಕೊಟ್ಟದ್ದು. ಅದನ್ನು ಹೊಲದ ಜೊತೆ ಹಿಗ್ಗಿಸಲು ನಮಗೆ ಹಕ್ಕಿಲ್ಲ.

ಹಾಗಾದರೆ ಯಾವ ಗೆರೆಯೂ ಹಿಗ್ಗಬಾರದೇ? ಕಾಲುವೆ ಬೇರೆ. ಕಾಲುವೆಗೆ ನಿಜವಾದ ಅಗಲವಿದೆ, ಆ ಅಗಲದಲ್ಲಿ ನೀರು ಹರಿಯುತ್ತದೆ. ಇಡೀ ಊರು ಕಾಣುವಷ್ಟು ದೂರದಿಂದ ನೋಡುವಾಗ ಕಾಲುವೆಯ ನಿಜ ಅಗಲ ಪರದೆಯ ಮೇಲೆ ಕಣ್ಣಿಗೇ ಸಿಗುವುದಿಲ್ಲ. ಆಗ ಅದಕ್ಕೆ ಕಾಣುವಷ್ಟು ದಪ್ಪ ಕೊಟ್ಟು ಗುರುತಾಗಿ ಬರೆಯಬೇಕು. ಹೊಲದ ಹತ್ತಿರ ಬಂದಾಗ ಅದು ತನ್ನ ನಿಜ ಅಗಲಕ್ಕೆ ತಿರುಗಬೇಕು. ಇದಕ್ಕೆ ಒಂದೇ ಸಾಲಿನ ಲೆಕ್ಕ ಸಾಕು: ಕಾಲುವೆಯ ನಿಜ ಅಗಲವನ್ನು ಪ್ರಮಾಣದಿಂದ ಗುಣಿಸು; ಅದು ಎರಡು ಪಿಕ್ಸೆಲ್ಲಿಗಿಂತ ಕಡಿಮೆ ಬಂದರೆ ಎರಡು ಪಿಕ್ಸೆಲ್ ಇಟ್ಟುಕೋ, ಹೆಚ್ಚು ಬಂದರೆ ಬಂದಷ್ಟನ್ನೇ ಇಟ್ಟುಕೋ. ಹೀಗೆ ಮಾಡಿದ ಮೇಲೆ ಗಡಿಗೆರೆ ಹಾಗೇ ನಿಂತಿದ್ದು, ಅದರ ಪಕ್ಕ ಕಾಲುವೆ ಮಾತ್ರ ಹಿಗ್ಗುತ್ತ ಬಂತು. ಆ ಹಿರಿಯರಿಗೆ ವಿವರಿಸುವ ಅಗತ್ಯವೇ ಬೀಳಲಿಲ್ಲ. ಗೆರೆಗೆ ಒಂದೂವರೆ ಪಿಕ್ಸೆಲ್ ಸಾಕೆಂದು ನಾನು ಕಚೇರಿಯಲ್ಲಿ ಅಂದುಕೊಂಡಿದ್ದನ್ನು ಗದ್ದೆಯ ಬಿಸಿಲಲ್ಲಿ ಎರಡಕ್ಕೆ ಏರಿಸಿದ್ದೂ ಅವರ ಕಣ್ಣು ನೋಡಿಯೇ.

ಅದೇ ಕೆಲಸದಲ್ಲಿ ಕಾಲುವೆಯ ಎಲ್-ಸೆಕ್ಷನ್ ಕೂಡ ಬೇಕಾಯಿತು. ನೀರಾವರಿಯವರ ಬಾಯಲ್ಲಿ ಸದಾ ಇರುವ ಹೆಸರಿದು: ಕಾಲುವೆಯ ತಳ ಎಲ್ಲೆಲ್ಲಿ ಎಷ್ಟೆಷ್ಟು ಇಳಿಯುತ್ತದೆ ಎಂದು ಉದ್ದಕ್ಕೆ ಸೀಳಿ ತೋರಿಸುವ ಚಿತ್ರ. ಕಾಲುವೆ ಸಾಗುವುದು ಕಿಲೋಮೀಟರುಗಟ್ಟಲೆ. ತುಂಗಭದ್ರಾ ಬಲದಂಡೆಯ ಕೆಳಮಟ್ಟದ ಕಾಲುವೆಯೇ ಸುಮಾರು 350 ಕಿಲೋಮೀಟರ್ ಉದ್ದ. ಇಳಿಯುವುದು ಮಾತ್ರ ಕಿಲೋಮೀಟರಿಗೆ ಗೇಣಿನ ಲೆಕ್ಕದಲ್ಲಿ. ಎರಡನ್ನೂ ಒಂದೇ ಅಳತೆಯಲ್ಲಿ ಬರೆದರೆ ಇಳಿಜಾರು ಕಾಣುವುದೇ ಇಲ್ಲ. ಆದ್ದರಿಂದ ಅಡ್ಡಕ್ಕೆ ಒಂದು ಅಳತೆ, ಎತ್ತರಕ್ಕೆ ಅದಕ್ಕಿಂತ ಹತ್ತಾರು ಪಟ್ಟು ದೊಡ್ಡ ಅಳತೆ. ಮಾವ ಇಂಥವನ್ನು ಲೆಕ್ಕವಿಲ್ಲದಷ್ಟು ಬರೆದಿದ್ದರು. ಅವರ ಪೆನ್ನಿಗೆ ಅದರಿಂದ ಏನೂ ಆಗುತ್ತಿರಲಿಲ್ಲ; ಅಡ್ಡಗೆರೆಯೂ 0.35, ನೆಟ್ಟಗೆರೆಯೂ 0.35.

ಕ್ಯಾನ್ವಾಸ್‌ನಲ್ಲಿ ಹಾಗಲ್ಲ. ಅಡ್ಡಕ್ಕೆ ಒಂದು, ಎತ್ತರಕ್ಕೆ ಇನ್ನೊಂದು ಪ್ರಮಾಣ ಕೊಟ್ಟರೆ ಪೆನ್ನಿನ ಮೂತಿಯೇ ಒಂದು ಕಡೆಗೆ ಜಗ್ಗಿದಂತಾಗುತ್ತದೆ. ಎತ್ತರವನ್ನು ಹೆಚ್ಚು ಹಿಗ್ಗಿಸಿದ್ದರಿಂದ ಅಡ್ಡಗೆರೆಗಳು ದಪ್ಪವಾಗುತ್ತವೆ, ನೆಟ್ಟಗೆರೆಗಳು ಸಣ್ಣಗೇ ಉಳಿಯುತ್ತವೆ, ಓರೆಗೆರೆಗಳು ಅವೆರಡರ ನಡುವೆ ಎಲ್ಲೋ ಇರುತ್ತವೆ. ಕಾಲುವೆಯ ತಳ ದಪ್ಪ ಪಟ್ಟಿಯಂತೆ ಕಂಡು, ತೂಬಿನ ಗೋಡೆ ಕಂಡೂ ಕಾಣದಂತಾಗುತ್ತದೆ. ಇಲ್ಲಿ ಭಾಗಾಕಾರ ಕೈಕೊಡುತ್ತದೆ, ಏಕೆಂದರೆ ಯಾವ ಅಂಕಿಯಿಂದ ಭಾಗಿಸಬೇಕು ಎಂಬುದೇ ಗೆರೆ ಗೆರೆಗೂ ಬೇರೆ.

ಪರಿಹಾರ ಕ್ಯಾನ್ವಾಸ್‌ನ ಒಳನಡೆಯಲ್ಲೇ ಇದೆ. ಅಲ್ಲಿ ಚಿತ್ರ ಎರಡು ಹಂತಗಳಲ್ಲಿ ಆಗುತ್ತದೆ. ಮೊದಲು ಚುಕ್ಕಿಯಿಂದ ಚುಕ್ಕಿಗೆ ಹಾದಿ ಗೊತ್ತುಮಾಡುವುದು. ಇದಕ್ಕೆ ಪಾತ್ ಎನ್ನುತ್ತಾರೆ. ಆಮೇಲೆ ಆ ಹಾದಿಯ ಮೇಲೆ ಪೆನ್ನು ಎಳೆಯುವುದು, ಇದು ಸ್ಟ್ರೋಕ್. ಚುಕ್ಕಿಗಳು ಹಾದಿಯಲ್ಲಿ ಕೂರುವ ಗಳಿಗೆಯಲ್ಲಿ ಯಾವ ಪ್ರಮಾಣವಿತ್ತೋ ಆ ಪ್ರಮಾಣಕ್ಕೆ ಹಿಗ್ಗಿ ಗಟ್ಟಿಯಾಗಿ ಕೂರುತ್ತವೆ. ಪೆನ್ನಿನ ದಪ್ಪ ಮಾತ್ರ ಸ್ಟ್ರೋಕ್ ಎಂದ ಗಳಿಗೆಯ ಪ್ರಮಾಣವನ್ನು ನೋಡುತ್ತದೆ. ಹೀಗಾಗಿ ಕ್ರಮ ಇಷ್ಟೇ: ಮೊದಲು ಸೇವ್ ಎಂದು ಈಗಿನ ಸ್ಥಿತಿಯನ್ನು ಕಾದಿಟ್ಟುಕೊಳ್ಳಬೇಕು. ಸ್ಕೇಲ್ ಎಂದು ಪ್ರಮಾಣ ಕೊಡಬೇಕು. ಬಿಗಿನ್‌ಪಾತ್ ಎಂದು ಹಾದಿಯನ್ನೆಲ್ಲ ಬರೆಯಬೇಕು. ರಿಸ್ಟೋರ್ ಎಂದು ಹಳೆಯ ಸ್ಥಿತಿಗೆ ಮರಳಬೇಕು. ಕಟ್ಟಕಡೆಗೆ ಸ್ಟ್ರೋಕ್ ಎನ್ನಬೇಕು. ರಿಸ್ಟೋರ್ ಮಾಡಿದರೆ ಪ್ರಮಾಣ ಅಳಿಯುತ್ತದೆ, ಬರೆದ ಹಾದಿ ಅಳಿಯುವುದಿಲ್ಲ. ಚಿತ್ರ ಎಷ್ಟಾದರೂ ಜಗ್ಗಿರಲಿ, ಪೆನ್ನು ತನ್ನ ಮೂಲ ದಪ್ಪದಲ್ಲೇ ಎಲ್ಲ ದಿಕ್ಕಿಗೂ ಸಮನಾಗಿ ಓಡುತ್ತದೆ.

ಈ ನಡೆ ಕ್ಯಾನ್ವಾಸ್ ಕಂಡುಹಿಡಿದದ್ದೂ ಅಲ್ಲ. ಅಡೋಬಿ ಕಂಪನಿ 1984ರಲ್ಲಿ ತಂದ ಪೋಸ್ಟ್‌ಸ್ಕ್ರಿಪ್ಟ್ ಎಂಬ ಮುದ್ರಣ ಭಾಷೆಯಲ್ಲೇ ಹಾದಿ ಬೇರೆ, ಪೆನ್ನು ಬೇರೆ ಎಂಬ ಈ ಏರ್ಪಾಡಿತ್ತು. ಎಸ್‌ವಿಜಿ ಎಂಬ ವೆಬ್ ಚಿತ್ರರೂಪದಲ್ಲಿ ವೆಕ್ಟರ್-ಎಫೆಕ್ಟ್ ಎಂಬ ಗುಣಕ್ಕೆ ನಾನ್-ಸ್ಕೇಲಿಂಗ್-ಸ್ಟ್ರೋಕ್ ಎಂದು ಬರೆದರೆ ಇದೇ ಫಲ. ಕ್ಯಾನ್ವಾಸ್ ಚಿತ್ರಕ್ಕೆ ನೆರವಾಗುವ ಫ್ಯಾಬ್ರಿಕ್ ಎಂಬ ಕೋಡ್ ಗ್ರಂಥಾಲಯದಲ್ಲಿ ಸ್ಟ್ರೋಕ್‌ಯೂನಿಫಾರ್ಮ್ ಎಂಬ ಗುಣವಿದೆ, ಕೊನ್ವಾ ಎಂಬ ಇನ್ನೊಂದರಲ್ಲಿ ಸ್ಟ್ರೋಕ್‌ಸ್ಕೇಲ್‌ಎನೇಬಲ್ಡ್ ಎಂಬುದನ್ನು ಬೇಡ ಎಂದರಾಯಿತು. ಹೆಸರು ಹಲವು, ತತ್ವ ಒಂದೇ. ಹೊಸಪೇಟೆಯ ಟ್ರೇಸರ್ ಒಬ್ಬರು ಅಳಿಯನಿಗೆ ಹೇಳಿದ್ದೂ ಅದೇ: ಪೆನ್ನನ್ನು ಕೊನೆಗೆ ತೆಗೆ.

ಸಂಡೂರಿನಲ್ಲಿ ಈ ತತ್ವವನ್ನು ದಾರದಲ್ಲಿ ಕಂಡೆ. ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. 2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ20 ಸಂಸ್ಕೃತಿ ಸಭೆ ನಡೆದಾಗ ಸಂಡೂರು ಕುಶಲ ಕಲಾ ಕೇಂದ್ರದ ಮಹಿಳೆಯರು ಹೊಲಿದ 1755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ಆ ಸಡಗರದ ಹೊತ್ತಿನಲ್ಲೇ ತಾಂಡಾದ ಕೆಲವು ಹೆಣ್ಣುಮಕ್ಕಳ ಜೊತೆ ಕೂತು, ಅವರ ಹೊಲಿಗೆಯ ವಿನ್ಯಾಸಗಳನ್ನು ಪರದೆಯ ಮೇಲೆ ಬೇಕಾದ ಅಳತೆಗೆ ಹಿಗ್ಗಿಸಿ ನೋಡುವಂತೆ ಒಂದು ಪುಟ ಮಾಡುತ್ತಿದ್ದೆ. ಚೀಲದ ಮೇಲಿನ ಅಂಗೈಯಗಲದ ವಿನ್ಯಾಸ ಹಾಸಿಗೆಯ ಹೊದಿಕೆಗೆ ಬಂದರೆ ಹೇಗೆ ಕಾಣುತ್ತದೆ ಎಂದು ಕೊಳ್ಳುವವರಿಗೆ ತೋರಿಸುವುದು ಉದ್ದೇಶ.

ವಿನ್ಯಾಸವನ್ನು ಹಾಗೇ ಹಿಗ್ಗಿಸಿ ತೋರಿಸಿದಾಗ ಹಿರಿಯಳೊಬ್ಬಳು ತಲೆ ಅಡ್ಡಡ್ಡ ಆಡಿಸಿದಳು. "ಬಟ್ಟಿ ದೊಡ್ಡದಾದ್ರೆ ದಾರ ದೊಡ್ಡದಾಗ್ತದೇನಣ್ಣಾ? ಸಾಲು ಜಾಸ್ತಿ ಹಾಕ್ತೀವಿ ನಾವು" ಎಂದು, ಹೊಲಿಯುತ್ತಿದ್ದ ಬಟ್ಟೆಯನ್ನೇ ತಿರುಗಿಸಿ ಹಿಡಿದಳು. ನೋಡಿದೆ. ಕಡುಗೆಂಪು ಬಟ್ಟೆಯ ಮೇಲೆ ಬಿಳಿ, ಹಳದಿ ದಾರದ ಸಾಲುಗಳು. ಹೊಲಿಗೆಯಿಂದ ಹೊಲಿಗೆಗೆ ಅಕ್ಕಿಕಾಳಿನಷ್ಟು ಅಂತರ. ಅಂಚಿನ ಚಿಕ್ಕ ಚೌಕದಲ್ಲೂ ನಡುವಿನ ದೊಡ್ಡ ಚೌಕದಲ್ಲೂ ಆ ಅಂತರ ಒಂದೇ. ಚಿಕ್ಕ ಚೌಕದಲ್ಲಿ ಒಂದು ಕನ್ನಡಿ, ದೊಡ್ಡ ಚೌಕದಲ್ಲಿ ಕನ್ನಡಿಗಳ ಸಾಲು. ಕನ್ನಡಿಯ ಬಿಲ್ಲೆ ಎಲ್ಲ ಕಡೆಯೂ ಅಷ್ಟೇ ದೊಡ್ಡದು, ಕವಡೆಯೂ ಅಷ್ಟೇ. ಹಿಗ್ಗಿದ್ದು ವಿನ್ಯಾಸ. ದಾರ, ಹೊಲಿಗೆ, ಕನ್ನಡಿ ಇವು ಕೈಯ ಅಳತೆಗೆ, ಸೂಜಿಯ ಅಳತೆಗೆ ನಿಂತಿದ್ದವು.

ಕ್ಯಾನ್ವಾಸ್‌ನಲ್ಲಿ ಹೊಲಿಗೆಯನ್ನು ತುಂಡುಗೆರೆಯಾಗಿ ಬರೆಯಬಹುದು. ಸೆಟ್‌ಲೈನ್‌ಡ್ಯಾಶ್ ಎಂಬ ಆಜ್ಞೆಗೆ ತುಂಡಿನ ಉದ್ದ, ಬಿಡುವಿನ ಉದ್ದ ಎರಡನ್ನೂ ಹೇಳಿದರೆ ಸಾಕು. ಪ್ರಮಾಣ ಉಳಿದಿರುವಾಗಲೇ ಸ್ಟ್ರೋಕ್ ಎಂದರೆ ಆ ತುಂಡುಗಳೂ ಹಿಗ್ಗಿ, ಒಂದೊಂದು ಹೊಲಿಗೆ ಗೇಣುದ್ದ ಕಾಣುತ್ತದೆ. ರಿಸ್ಟೋರ್ ಮಾಡಿ ಸ್ಟ್ರೋಕ್ ಎಂದರೆ ದಪ್ಪ ಮಾತ್ರವಲ್ಲ, ತುಂಡಿನ ಉದ್ದವೂ ಹಾಗೇ ಉಳಿಯುತ್ತದೆ. ಹಾದಿ ಉದ್ದವಾದಷ್ಟೂ ಹೊಲಿಗೆಗಳ ಸಂಖ್ಯೆ ತಾನಾಗಿ ಹೆಚ್ಚುತ್ತದೆ. ಕಾಲುವೆಗಾಗಿ ಹಿಡಿದ ಕ್ರಮವೇ ಕಸೂತಿಗೂ ಒದಗಿತು. ತುಂಬುವ ಸಾಲುಗಳಿಗೆ ಮಾತ್ರ ಬೇರೆ ಲೆಕ್ಕ ಬರೆದೆ: ಸಾಲುಗಳ ನಡುವಿನ ಅಂತರ ಬದಲಾಗಬಾರದು, ಜಾಗ ಹೆಚ್ಚಾದಂತೆ ಸಾಲು ಹೆಚ್ಚಬೇಕು. ಆ ಹೆಣ್ಣುಮಕ್ಕಳು ಪರದೆ ನೋಡಿ ಕಿಲನ್, ವೇಲೆ, ಮಾಕಿ ಎಂದು ಹೊಲಿಗೆಗಳ ಹೆಸರು ಹೇಳತೊಡಗಿದಾಗ ಪುಟ ಸರಿಯಾಯಿತು ಎಂದು ಗೊತ್ತಾಯಿತು. ಹಿಂದಿನ ಚಿತ್ರವನ್ನು ನೋಡಿದಾಗ ಯಾರೂ ಯಾವ ಹೊಲಿಗೆಯ ಹೆಸರನ್ನೂ ಹೇಳಿರಲಿಲ್ಲ.

ಇದೇ ವಿವೇಕ ಕಲ್ಲಿನಲ್ಲೂ ಇದೆ. ಹಂಪಿಯ ರಾಜಾವರಣದಲ್ಲಿ 1980ರ ದಶಕದಲ್ಲಿ ಅಗೆದು ತೆಗೆದ ಮೆಟ್ಟಿಲ ಪುಷ್ಕರಣಿಗೆ ಹೋದವರು ಒಮ್ಮೆ ಕಲ್ಲುಗಳ ಹತ್ತಿರ ಬಾಗಿ ನೋಡಬೇಕು. ಕಪ್ಪು ಹಾಸುಗಲ್ಲುಗಳ ಮೇಲೆ ಯಾವ ದಿಕ್ಕು, ಎಷ್ಟನೆಯ ಸಾಲು, ಎಷ್ಟನೆಯ ಜಾಗ ಎಂಬ ಗುರುತುಗಳನ್ನು ಕೆತ್ತಿದ್ದಾರೆ. ಕಲ್ಲುಗಳನ್ನು ಬೇರೆಡೆ ಕಡೆದು, ತಂದು, ಗುರುತು ನೋಡಿ ಜೋಡಿಸಿದ ಕೊಳ ಅದು. ಅಷ್ಟು ಕರಾರುವಾಕ್ಕಾಗಿ ಜೋಡಿಸಬೇಕಾದರೆ ಮೊದಲೇ ಒಂದು ನಕ್ಷೆ ಇದ್ದಿರಲೇಬೇಕು. ಆ ನಕ್ಷೆಯಿಂದ ಕೊಳಕ್ಕೆ ಹಿಗ್ಗಿಸಿದ ಕೈಗಳಿಗೆ ಯಾವುದು ಕಲ್ಲಿನ ಅಳತೆ, ಯಾವುದು ಬರಿಯ ಗುರುತು ಎಂಬುದು ಸ್ಪಷ್ಟವಾಗಿತ್ತು. ಸಾಲು ಸಂಖ್ಯೆಯ ಅಕ್ಷರವನ್ನು ಅವರು ಕಲ್ಲಿನಷ್ಟು ದೊಡ್ಡದು ಮಾಡಲಿಲ್ಲ, ಓದಲು ಬೇಕಾದಷ್ಟೇ ಕೆತ್ತಿದರು.

ಈಗ ನಮ್ಮ ಜಿಲ್ಲೆಯ ಎಷ್ಟೋ ಹುಡುಗ ಹುಡುಗಿಯರು ವೆಬ್ ಕೆಲಸ ಕಲಿಯುತ್ತಿದ್ದಾರೆ. ನಮ್ಮ ಗುಡಿ, ಕೆರೆ, ಕಾಲುವೆ, ಹೊಲ, ಗಣಿಗಳ ನಕ್ಷೆಗಳು ಒಂದೊಂದಾಗಿ ಫೋನಿಗೆ ಬರುತ್ತಿವೆ, ಇನ್ನೂ ಬರುತ್ತವೆ. ಅವನ್ನು ಮಾಡುವವರಲ್ಲಿ ನನ್ನದೊಂದು ಕಳಕಳಿಯ ಕೋರಿಕೆ. ಒಂದೊಂದು ಗೆರೆ ಎಳೆಯುವ ಮುನ್ನವೂ, ಈ ಗೆರೆ ವಸ್ತುವೋ ಗುರುತೋ ಎಂದು ಕೇಳಿಕೊಳ್ಳಿ. ವಸ್ತುವಾದರೆ ಅದರ ನಿಜವಾದ ಅಗಲವನ್ನು ಅಳೆದು ತಂದು ಚಿತ್ರದ ಜೊತೆ ಹಿಗ್ಗಲು ಬಿಡಿ. ಗುರುತಾದರೆ ಅದರ ದಪ್ಪವನ್ನು ನೋಡುವವರ ಕಣ್ಣಿಗೆ ತಕ್ಕಂತೆ ಕೊನೆಯಲ್ಲಿ ಗೊತ್ತುಮಾಡಿ. ಇದನ್ನು ಯಂತ್ರಕ್ಕೆ ಬಿಟ್ಟುಕೊಡಬೇಡಿ, ಏಕೆಂದರೆ ಯಂತ್ರಕ್ಕೆ ಗಡಿ ಯಾವುದು, ಕಾಲುವೆ ಯಾವುದು ಗೊತ್ತಿಲ್ಲ, ನಿಮಗೆ ಗೊತ್ತಿದೆ.